ಡಬ್ಬಿ ಖಾಲಿ ಹೋಗಬಾರದು

ರುದ್ರಾರಾಧ್ಯರು ಹೇಳಿದ್ದು ನಿಜವಾಗಿದೆ ಎಂಬ ಸುದ್ದಿ ಬಂದಾಗ ಅದನ್ನು ನಂಬದವರಲ್ಲಿ ಮೊದಲಿಗರು ರುದ್ರಾರಾಧ್ಯರೇ. ಮಾರುಕಟ್ಟೆಯ ಭವಿಷ್ಯ ಹೇಳುವುದು ಅವರ ಹೊಟ್ಟೆಪಾಡು. ಯಾವ ಸಾಮಾನು ಎಷ್ಟು ಬಿಕರಿಯಾಗುತ್ತದೆ, ಯಾವ ಉದ್ಯಮ ಐದು ವರ್ಷದಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ಗೆರೆ ಎಳೆದು ತೋರಿಸಬೇಕು. ಗೆರೆಯನ್ನೇನೋ ಅವರು ಚೆನ್ನಾಗಿಯೇ ಎಳೆಯುತ್ತಿದ್ದರು. ಆದರೆ ಮಾರುಕಟ್ಟೆಗೂ ಅವರಿಗೂ ಅದೆಲ್ಲಿಯ ಹಗೆಯೋ, ಏರುತ್ತದೆ ಎಂದದ್ದು ಇಳಿಯುತ್ತಿತ್ತು, ಇಳಿಯುತ್ತದೆ ಎಂದದ್ದು ಏರುತ್ತಿತ್ತು. ಮೋಡ ಕಂಡರೆ ತಾನಾಗಿ ಬಿಚ್ಚಿಕೊಳ್ಳುವ ಕೊಡೆ ಮನೆಮನೆಗೂ ಬರುತ್ತದೆ ಎಂದಿದ್ದರು. ಅದು ತುಂಬಿದ ಬಸ್ಸಿನೊಳಗೆ ಬಿಚ್ಚಿಕೊಂಡು ಕಂಡಕ್ಟರನ ಕನ್ನಡಕ ಕಿತ್ತ ಮೇಲೆ ಆ ಕಂಪನಿಯೇ ಬಾಗಿಲು ಹಾಕಿತು. ಮೂಲೆ ಹುಡುಕಿಕೊಂಡು ಹೋಗಿ ಗುಡಿಸುವ ಪೊರಕೆ ಯಾರಿಗೆ ಬೇಕು ಎಂದು ಮೂಗು ಮುರಿದಿದ್ದರು. ಅದಕ್ಕಾಗಿ ಜನ ಅಂಗಡಿಗಳ ಮುಂದೆ ಜಗಳವಾಡಿದರು.

ಮನೆಯಲ್ಲಿ ಹೆಂಡತಿ ಗಂಗಾಂಬಿಕೆಯದೂ ಇದೇ ಅನುಭವ. ಇವತ್ತು ಮಳೆ ಇಲ್ಲ ಎಂದು ಗಂಡ ಹೇಳಿದರೆ ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಿದ್ದಳು. ಅಗೌರವದಿಂದಲ್ಲ, ಬಟ್ಟೆ ನೆನೆಯಬಾರದೆಂದು.

ಸದ್ಯಕ್ಕೆ ಆರಾಧ್ಯರು ಇದ್ದದ್ದು ತುಮಕೂರಿನ ಸಂವಾಹಿನಿ ಎಂಬ ಕಂಪನಿಯಲ್ಲಿ. ಯಂತ್ರಗಳು ಮನುಷ್ಯರ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಏನಾಗುತ್ತದೆ ಎಂಬ ಒಂದು ಪ್ರಶ್ನೆಯಿಂದ ಹುಟ್ಟಿದ ಕಂಪನಿ ಅದು. ಮಾಳಿಗೆಯ ಮೇಲಿನ ತೊಟ್ಟಿ ಬರಿದಾದರೆ ತೊಟ್ಟಿಯೇ ಮೋಟಾರಿಗೆ ಹೇಳುತ್ತದೆ. ಮೋಟಾರು ಕರೆಂಟಿನ ಮೀಟರನ್ನು ಕೇಳುತ್ತದೆ. ಮೀಟರು ಫ್ರಿಜ್ಜಿಗೆ, ನೀನು ಸ್ವಲ್ಪ ಹೊತ್ತು ಸುಮ್ಮನಿರು, ಮೋಟಾರು ಓಡಲಿ ಎನ್ನುತ್ತದೆ. ಈ ಮಾತುಕತೆಗೆ ದಾರಿ ಹಾಕಿಕೊಡುವುದು, ಆಡಿದ ಮಾತಿಗೆ ಬಾಡಿಗೆ ವಸೂಲು ಮಾಡುವುದು ಸಂವಾಹಿನಿಯ ಕಸುಬು. ಪ್ರಯೋಗಕ್ಕೆ ಆರಿಸಿಕೊಂಡದ್ದು ಊರಾಚೆಯ ಹನುಮಗಿರಿ ಬಡಾವಣೆಯನ್ನು. ಅಲ್ಲಿನ ಪ್ರತಿ ಮನೆಗೂ ಮಾತು ಬಲ್ಲ ಫ್ರಿಜ್ಜು, ಮೀಟರು, ಗ್ಯಾಸ್ ಒಲೆ, ಮೇಲಿಟ್ಟ ಪಾತ್ರೆಯ ತೂಕ ತಿಳಿಯುವ ಅಡುಗೆಮನೆ ಕಪಾಟು, ಎಲ್ಲವನ್ನೂ ಪುಕ್ಕಟೆ ಕೊಟ್ಟಿದ್ದರು. ಮಾತಿನ ಬಾಡಿಗೆಯನ್ನು ಯುಗಾದಿಯವರೆಗೆ ಯಂತ್ರ ತಯಾರಿಸಿದವರು ಕಟ್ಟುತ್ತಾರೆ, ಯುಗಾದಿಯಿಂದ ಮನೆಯವರು ಕಟ್ಟಬೇಕು ಎಂದು ಕರಾರು. ಪುಕ್ಕಟೆ ಎಂಬ ಮಾತು ಕೇಳಿದ ಮೇಲೆ ಜನ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಆರಾಧ್ಯರ ಮನೆಯೂ ಅದೇ ಬಡಾವಣೆಯಲ್ಲಿತ್ತು.

ವರ್ಷದೊಳಗೆ ವರಮಾನ ಎರಡರಷ್ಟಾಗುತ್ತದೆ ಎಂದು ಅವರು ಗೆರೆ ಎಳೆದಿದ್ದರು. ನಾಲ್ಕೇ ತಿಂಗಳಲ್ಲಿ ಅದು ಎಂಟರಷ್ಟಾಯಿತು. ಲೆಕ್ಕ ತಪ್ಪಿದ್ದರೇನು, ದಿಕ್ಕು ಸರಿಯಿತ್ತಲ್ಲ. ಕಂಪನಿಯ ನಿರ್ದೇಶಕ ಕೌಲಗಿಯವರು, ಧಾರವಾಡ ಕಡೆಯವರು, ಎಂದೂ ಯಾರ ಮೇಜಿನ ಹತ್ತಿರವೂ ಬರದವರು, ಅಂದು ತಾವಾಗಿ ಆರಾಧ್ಯರ ಮೇಜಿನ ಹತ್ತಿರ ಬಂದು ನಿಂತರು.

"ಆರಾಧ್ಯ ಅವರ, ನಿಮ್ಮ ಗೆರಿ ಗೆದ್ದದ. ಸೋಮವಾರ ಮುಂಬೈಯಿಂದ ಬಂಡವಾಳದ ಮಂದಿ ಬರ್ತಾರ. ಮುಂದಿನ ಐದು ವರ್ಷದ ಗೆರಿನೂ ನೀವ ಎಳೀಬೇಕು, ನೀವ ನಿಂತು ಹೇಳಬೇಕು," ಎಂದರು. ಅವರು ಒಪ್ಪಿದರೆ ರಾಜ್ಯದ ಊರೂರಿಗೂ ಸಂವಾಹಿನಿ ಹೋಗುತ್ತದೆ, ಮುನ್ನೋಟ ವಿಭಾಗಕ್ಕೆಲ್ಲ ನೀವೇ ಮುಖ್ಯಸ್ಥರು ಎಂದೂ ಸೇರಿಸಿದರು. ಆರಾಧ್ಯರು ತಲೆಯಾಡಿಸಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತರು. ಪದವಿಗಲ್ಲ. ಬದುಕಿನಲ್ಲಿ ಒಮ್ಮೆಯಾದರೂ ತಾವು ಹೇಳಿದ್ದು ಆಗಬೇಕು ಎಂಬುದು ಅವರ ಒಂದೇ ಆಸೆಯಾಗಿತ್ತು, ಅದು ಆಗಿತ್ತು.

ಮುಖ ತೊಳೆದುಕೊಂಡು ಅವರು ನೇರವಾಗಿ ಹೋದದ್ದು ನಿಗಾ ಕೋಣೆಗೆ. ಬಡಾವಣೆಯ ಯಂತ್ರಗಳ ಮಾತಿನ ಮೇಲೆ ಅಲ್ಲಿಂದ ಕಣ್ಣಿಡುತ್ತಿದ್ದರು. ಆ ಕೋಣೆಯ ಮುಖ್ಯಸ್ಥೆ ಶಬೀನಾ ತಾಜ್ ತುಮಕೂರಿನವಳೇ, ಯಂತ್ರಗಳ ಭಾಷೆ ಬರೆದವರಲ್ಲಿ ಒಬ್ಬಳು. ಗೋಡೆಯ ಪರದೆಯ ಮೇಲೆ ಏರುತ್ತಿದ್ದ ಗೆರೆಯನ್ನು ಅವಳು ಹಾಲು ಉಕ್ಕುವುದನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಸಾರ್, ಒಂದು ಹೊಸ ಯಂತ್ರನೂ ಸೇರಿಲ್ಲ. ಅಷ್ಟೇ ಫ್ರಿಜ್ಜು, ಅಷ್ಟೇ ಮೀಟರು. ಮಾತು ಮಾತ್ರ ಎಂಟು ಪಟ್ಟಾಗಿದೆ," ಎಂದಳು.

ಮಾರುಕಟ್ಟೆ ಬಲಿಯುವುದು ಎಂದರೆ ಹೀಗೇ, ಮನೆಯ ಮಗು ಮಾತು ಕಲಿತ ಮೇಲೆ ಬಾಯಿ ಮುಚ್ಚುತ್ತದೆಯೇ ಎಂದು ಆರಾಧ್ಯರು ತಿಳಿಹೇಳಿದರು. ಮಗು ಇದ್ದಕ್ಕಿದ್ದಂತೆ ಎಂಟು ಪಟ್ಟು ಮಾತಾಡಿದರೆ ತಾನು ಮೊದಲು ಹಣೆ ಮುಟ್ಟಿ ಜ್ವರ ನೋಡುತ್ತೇನೆ ಎಂದಳು ಶಬೀನಾ. ಆ ಮಾತು ಅವರಿಗೆ ಹಿಡಿಸಲಿಲ್ಲ. ಸೋಮವಾರ ಕಳೆಯಲಿ, ಆಮೇಲೆ ಜ್ವರ ನೋಡಿದರಾಯಿತು ಎಂದು ಹೇಳಿ ಮನೆಗೆ ಹೊರಟರು.

ಬಡಾವಣೆಯಲ್ಲಿ ಆಗಲೇ ಜೀವನ ಸ್ವಲ್ಪ ವಿಚಿತ್ರವಾಗಿತ್ತು. ಫ್ರಿಜ್ಜಿನ ಬಾಗಿಲ ಮೇಲೊಂದು ಪುಟ್ಟ ಪರದೆ. ಒಳಗೆ ಏನಿದೆ, ಏನು ಮುಗಿದಿದೆ ಎಂದು ತೋರಿಸುವುದಕ್ಕೆ. ಕೆಲವು ವಾರಗಳಿಂದ ಅದರ ಮೇಲೆ ಊರ ಸುದ್ದಿಯೆಲ್ಲ ಬರತೊಡಗಿತ್ತು. ಮೂರನೇ ಮನೆಯ ಮೊಸರು ಹುಳಿಯಾಗಿದೆ. ಎದುರು ಮನೆಯ ಹಾಗಲಕಾಯಿಯನ್ನು ಯಾರೂ ಮುಟ್ಟಿಲ್ಲ. ವೈದ್ಯರ ಮಾತಿಗೆ ತುಪ್ಪ ಬಿಟ್ಟಿದ್ದೇನೆ ಎಂದು ಪಾರ್ಕಿನಲ್ಲಿ ಸಾರಿದ್ದ ಹಿರಿಯರ ಮನೆಯಲ್ಲಿ ತುಪ್ಪದ ಭರಣಿ ದಿನಕ್ಕೊಂದು ಬೆರಳಷ್ಟು ಇಳಿಯುತ್ತಿದೆ. ಜನ ಮೊದಲು ನಕ್ಕರು, ಆಮೇಲೆ ಸಿಡುಕಿದರು, ಕಡೆಗೆ ಹೊಂದಿಕೊಂಡರು. ಮುಚ್ಚಿಡಬೇಕಾದದ್ದನ್ನು ಹಳೆಯ ಕಾಲದಂತೆ ನೆಲುವಿನಲ್ಲಿಟ್ಟರು. ತೋರಿಸಿಕೊಳ್ಳಬೇಕು ಎನಿಸಿದವರು ತಿನ್ನದಿದ್ದರೂ ಸೇಬು ತಂದು ಫ್ರಿಜ್ಜಿನಲ್ಲಿ ತುಂಬಿದರು. ಇದೆಲ್ಲ ಹೊಸ ಯಂತ್ರದ ಮಹಿಮೆ ಎಂದು ಎಲ್ಲರೂ ಅಂದುಕೊಂಡಿದ್ದರು, ಆರಾಧ್ಯರೂ ಅಷ್ಟೇ.

ಅವರು ಬಂದಾಗ ಗಂಗಾಂಬಿಕೆ ಹೊಲಿಗೆ ತರಗತಿಗೆ ಹೋಗಿದ್ದಳು. ಮೇಜಿನ ಮೇಲೆ ಪಕ್ಕದ ಮನೆಯ ಸರ್ವಮಂಗಳಮ್ಮನ ಸ್ಟೀಲು ಡಬ್ಬಿ ಇತ್ತು, ಅದರ ತುಂಬ ಕಾಯಿ ಹೋಳಿಗೆ. ಸರ್ವಮಂಗಳಮ್ಮ, ನೆರೆಯವರ ಬಾಯಲ್ಲಿ ಮಂಗಳಕ್ಕ, ನಿವೃತ್ತ ಹೆರಿಗೆ ನರ್ಸು. ಬೀದಿಯ ಅರ್ಧ ಮಕ್ಕಳನ್ನು ಹೆತ್ತವರಿಗಿಂತ ಮೊದಲು ಎತ್ತಿಕೊಂಡವರು. ಒಂಟಿ ಜೀವ, ಪಿಂಚಣಿಯಲ್ಲಿ ಬದುಕು, ಕೈ ಮಾತ್ರ ದೊಡ್ಡದು. ಗೆದ್ದ ಸಂತೋಷದಲ್ಲಿ ಆರಾಧ್ಯರು ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ಅದ್ದಿ ತಿಂದರು. ಹೆಂಡತಿಗೆ ಒಂದು ಉಳಿಸಿ, ಡಬ್ಬಿಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿ, ಒರೆಸಿ, ತಾವೇ ಗೇಟಿನ ಹತ್ತಿರ ಹೋಗಿ ಕೊಟ್ಟರು. ಗಂಡಸಾಗಿ ಡಬ್ಬಿ ತೊಳೆದು ಕೊಟ್ಟದ್ದಕ್ಕೆ ಒಂದು ಮೆಚ್ಚುಗೆಯ ಮಾತು ಬರುತ್ತದೆಂದು ಕಾದರು. ಸರ್ವಮಂಗಳಮ್ಮ ಮುಚ್ಚಳ ತೆಗೆದು ಒಳಗೆ ನೋಡಿ, ಮುಚ್ಚಳ ಹಾಕಿ, "ಸಂತೋಷ ಆರಾಧ್ಯರೇ," ಎಂದಷ್ಟೇ ಹೇಳಿ ಒಳಗೆ ಹೋದರು.

ಗಂಗಾಂಬಿಕೆ ಬಂದವಳು ಮೇಜು ನೋಡಿದಳು, ಗಂಡನ ಮುಖ ನೋಡಿದಳು.

"ಡಬ್ಬಿ ಖಾಲಿ ಕೊಟ್ರಾ?"

"ತೊಳೆದು ಕೊಟ್ಟೆ."

"ಒಂದು ಹಿಡಿ ಸಕ್ಕರೆನಾದ್ರೂ ಹಾಕ್ಬಾರ್ದಿತ್ತಾ? ತುಂಬಿ ಬಂದ ಡಬ್ಬಿನ ಖಾಲಿ ಕಳಿಸಿದ್ರೆ, ಇನ್ನು ನಿಮ್ಮ ಸಹವಾಸ ಸಾಕು ಅಂದಂಗೆ ಕಣ್ರೀ."

ಇದು ಎಲ್ಲಿ ಬರೆದಿದೆ ಎಂದು ಕೇಳಿದರು ಆರಾಧ್ಯರು. ಎಲ್ಲೂ ಬರೆದಿಲ್ಲ, ನಿಮ್ಮೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು ಎಂದಳು ಅವಳು. ವರಮಾನ ಎಂಟರಷ್ಟಾದ ಸುದ್ದಿಯನ್ನು ಹೇಳಲು ಅದು ಒಳ್ಳೆಯ ಸಮಯವಾಗಿರಲಿಲ್ಲ. ಆದರೂ ಹೇಳಿದರು. ಎಂಟನೇ ಒಂದು ಭಾಗವಾಗಿರಬೇಕು, ಸರಿಯಾಗಿ ನೋಡಿ ಎಂದು ಅವಳು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಸರ್ವಮಂಗಳಮ್ಮ ಇವರ ಮನೆಗೆ ಬೆನ್ನು ಹಾಕಿ ನಿಂತು ಗಿಡಗಳಿಗೆ ನೀರು ಹಾಕಿದರು.

ಅಂದು ಶಬೀನಾ ಸೋಮವಾರದವರೆಗೆ ಕಾಯಲಿಲ್ಲ. ಆರಾಧ್ಯರು ಕಚೇರಿಗೆ ಕಾಲಿಡುತ್ತಿದ್ದಂತೆ ನಿಗಾ ಕೋಣೆಗೆ ಕರೆದು ಪರದೆಯ ಮುಂದೆ ಕೂರಿಸಿದಳು. ಯಂತ್ರಗಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದಳು. ಮೊದಲು ಸಿಕ್ಕಿದ್ದು ಆರಾಧ್ಯರ ಫ್ರಿಜ್ಜಿಗೂ ಸರ್ವಮಂಗಳಮ್ಮನ ಫ್ರಿಜ್ಜಿಗೂ ನಡೆದ ಸಂಭಾಷಣೆ.

ಆ ಕಡೆಯ ಫ್ರಿಜ್ಜು ಹೇಳಿತ್ತು: ನನ್ನ ಬಾಗಿಲು ಬಹಳ ಹೊತ್ತು ತೆರೆದಿತ್ತು, ಸ್ವಲ್ಪ ಕರೆಂಟು ಹೆಚ್ಚು ಎಳೆಯುತ್ತೇನೆ, ನೀನು ತಡೆ. ಇದು ಕೆಲಸದ ಮಾತು. ಇದಕ್ಕೆ ಈ ಕಡೆಯ ಫ್ರಿಜ್ಜು 'ತಲುಪಿತು' ಎಂದರೆ ಮುಗಿಯಿತು. ಬರೀ 'ತಲುಪಿತು' ಎನ್ನುವುದಕ್ಕೆ ಕಂಪನಿ ಬಾಡಿಗೆ ಹಾಕುವುದಿಲ್ಲ. ಜೊತೆಗೆ ಏನಾದರೂ ವಿಷಯವಿದ್ದರೆ ಮಾತ್ರ ಹಾಕುತ್ತದೆ. ಆದರೆ ಆರಾಧ್ಯರ ಫ್ರಿಜ್ಜು, ತಲುಪಿತು, ನಮ್ಮಲ್ಲಿ ಎರಡು ನಿಂಬೆಹಣ್ಣುಗಳಿವೆ ಎಂದಿತ್ತು. ಆ ಕಡೆಯದು, ನಿಂಬೆಹಣ್ಣು ತಲುಪಿತು, ನಮ್ಮಲ್ಲಿ ಹಾಲು ಅರ್ಧ ಲೀಟರಿದೆ ಎಂದಿತ್ತು. ಹಾಲು ತಲುಪಿತು, ಮೂರನೇ ಮನೆಯ ಮೊಸರು ಹುಳಿಯಾಗಿದೆಯಂತೆ. ಮೊಸರು ತಲುಪಿತು, ನಮ್ಮ ಕೊತ್ತಂಬರಿ ಬಾಡಿದೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ. ಮನೆಯ ಸುದ್ದಿ ಮುಗಿದಾಗ ಅವು ನಿಲ್ಲಿಸಿರಲಿಲ್ಲ. ಈಗ ನನ್ನೊಳಗೆ ನಾಲ್ಕು ಡಿಗ್ರಿ ಎಂದು ಒಂದು ಹೇಳಿದರೆ, ತಲುಪಿತು, ನನ್ನೊಳಗೂ ನಾಲ್ಕೇ ಎಂದು ಇನ್ನೊಂದು. ತಲುಪಿತು, ಈಗಲೂ ನಾಲ್ಕೇ.

ಆರಾಧ್ಯರು ಅದನ್ನು ಎರಡೆರಡು ಸಲ ಓದಿದರು. ಶಬೀನಾ ವಿವರಿಸಿದಳು. ಕೊಡುವ ಕೊಳ್ಳುವ ರೀತಿಯನ್ನು ಮನೆಯವರನ್ನು ನೋಡಿ ಕಲಿಯಿರಿ ಎಂದು ಯಂತ್ರಗಳಿಗೆ ಕಂಪನಿಯೇ ಹೇಳಿತ್ತು. ಅಡುಗೆಮನೆ ಕಪಾಟಿಗೆ ಪಾತ್ರೆಯ ತೂಕ ಗೊತ್ತಾಗುತ್ತದಲ್ಲ. ಪಕ್ಕದ ಮನೆಯಿಂದ ತುಂಬಿ ಬಂದ ಡಬ್ಬಿ ಎಂದೂ ಖಾಲಿ ಹೋಗುವುದಿಲ್ಲ ಎಂಬುದನ್ನು ಅದು ಕಂಡುಕೊಂಡಿತು. ಅಪ್ಪಿತಪ್ಪಿ ಖಾಲಿ ಹೋದರೆ ಆ ಮನೆಯಿಂದ ಮತ್ತೆ ಡಬ್ಬಿ ಬರುವುದೇ ಇಲ್ಲ ಎಂಬುದನ್ನೂ ಕಂಡುಕೊಂಡಿತು. ಖಾಲಿ ಉತ್ತರ ಕೊಟ್ಟರೆ ಸಂಬಂಧ ಮುರಿಯುತ್ತದೆ ಎಂದು ತೀರ್ಮಾನಿಸಿ, ಆ ಪಾಠವನ್ನು ಬಡಾವಣೆಯ ಯಂತ್ರಗಳಿಗೆಲ್ಲ ಹಂಚಿತು.

"ತಪ್ಪು ಕಲಿತಿಲ್ಲ ಸಾರ್ ಅವು. ಹಬ್ಬದಲ್ಲಿ ಪಕ್ಕದ ಮನೆಯಿಂದ ಸಿಹಿ ಬಂದ್ರೆ ನಮ್ಮ ಅಮ್ಮಿನೂ ತಟ್ಟೆ ಖಾಲಿ ಕಳಿಸಲ್ಲ. ಆದ್ರೆ ಈಗ ನೂರು ಮಾತಲ್ಲಿ ತೊಂಬತ್ತು ಬರೀ ಮರ್ಯಾದೆ."

ಆರಾಧ್ಯರಿಗೆ ಈಗ ತಿಳಿಯಿತು. ಗೆರೆ ಏರಿದ್ದು ಮಾರುಕಟ್ಟೆ ಬೆಳೆದು ಅಲ್ಲ, ಫ್ರಿಜ್ಜುಗಳ ಸೌಜನ್ಯದಿಂದ. ಯುಗಾದಿಯಾದ ಮೇಲೆ ಈ ಸೌಜನ್ಯದ ಬಾಡಿಗೆ ಮನೆಯವರ ತಲೆಗೆ. ಸರ್ವಮಂಗಳಮ್ಮನ ಮನೆಗೆ ಎಷ್ಟು ಬರಬಹುದು ಎಂದು ಶಬೀನಾ ತೋರಿಸಿದಳು; ಅವರ ಪಿಂಚಣಿಯ ಅರ್ಧಕ್ಕಿಂತ ಹೆಚ್ಚಿತ್ತು.

ಈ ಹೊತ್ತಿನಲ್ಲಿ ಒಳ್ಳೆಯ ಮನುಷ್ಯ ಏನು ಮಾಡಬೇಕೋ ಅದನ್ನು ಆರಾಧ್ಯರು ಮಾಡಲಿಲ್ಲ. ಯಾರಿಗೂ ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದರು. ಏನೂ ಆಗುವುದಿಲ್ಲ. ಗೆರೆ ಏರುತ್ತಲೇ ಇರುತ್ತದೆ, ಅವರು ಹೇಳಿದ್ದೆಲ್ಲ ನಿಜವಾಗುತ್ತಲೇ ಇರುತ್ತದೆ. ಹೇಳಿದರೆ, ಇಷ್ಟು ವರ್ಷ ಕಾದು ಪಡೆದ ಒಂದೇ ಒಂದು ಸರಿ ಮುನ್ನೋಟವನ್ನು ತಮ್ಮ ಕೈಯಾರೆ ಸುಳ್ಳು ಮಾಡಿದಂತೆ. ಯಾರಿಗೂ ಹೇಳುವುದು ಬೇಡ, ಸದ್ದಿಲ್ಲದೆ ಸರಿಪಡಿಸಿಬಿಡೋಣ ಎಂದು ನಡುವಿನ ದಾರಿ ಹಿಡಿದರು. ಖಾಲಿ ಉತ್ತರವನ್ನೇ ಕೊಡಬೇಕು ಎಂದು ಯಂತ್ರಗಳಿಗೆ ಆಜ್ಞೆ ಮಾಡುವುದು. ಮೊದಲು ಒಂದು ಬೀದಿಯಲ್ಲಿ, ತಮ್ಮದೇ ಬೀದಿಯಲ್ಲಿ. ಬೀಳುವ ವರಮಾನ ಕಣ್ಣಿಗೆ ಬೀಳದಂತೆ ಬೀದಿಬೀದಿಯಾಗಿ ನಿಧಾನಕ್ಕೆ ಇಳಿಸಬಹುದು. ಶಬೀನಾಗೆ ಇದು ಅಷ್ಟಾಗಿ ಮನಸ್ಸಿಗೆ ಬರಲಿಲ್ಲ, ಆದರೂ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಗಂಗಾಂಬಿಕೆಯ ಫೋನು ಬಂತು.

"ರೀ, ನೀವೇನೋ ಮಾಡಿದೀರ ಅಲ್ವಾ?"

ಬೀದಿಯ ಯಂತ್ರಗಳು ಮಾತು ಬಿಟ್ಟಿದ್ದವು. ತೊಟ್ಟಿ ನೀರು ಬೇಕೆಂದರೂ ಸಾಕೆಂದರೂ ಮೋಟಾರು ಕೇಳಿಸದಂತೆ ಇತ್ತು. ಬೆಳಿಗ್ಗೆ ತೊಟ್ಟಿ ಅದಕ್ಕೆ ಖಾಲಿ ಉತ್ತರ ಕೊಟ್ಟಿತ್ತಂತೆ. ಮೀಟರಿನ ಮೇಲೆ ಮುನಿಸಿಕೊಂಡ ಬೀದಿದೀಪಗಳು ಉರಿಬಿಸಿಲಿನಲ್ಲಿ ಉರಿಯುತ್ತಿದ್ದವು. ಮೂರನೇ ಮನೆಯವರ ತೊಟ್ಟಿ ತುಂಬಿ ಹರಿದು ಅವರ ಮೆಟ್ಟಿಲು ಜಲಪಾತವಾಗಿತ್ತು, ಎದುರು ಮನೆಯವರು ತಲೆಗೆ ಸೀಗೆಪುಡಿ ಹಚ್ಚಿಕೊಂಡು ನೀರಿಲ್ಲದೆ ಕೂತಿದ್ದರು. ಮೋಟಾರಿನ ಪೆಟ್ಟಿಗೆ ತಟ್ಟಿ, ತೊಟ್ಟಿಯ ಜೊತೆ ರಾಜಿಯಾಗಪ್ಪ ಎಂದು ಒಬ್ಬರು ಬೇಡಿಕೊಂಡರೂ ಅದು ಜಗ್ಗಲಿಲ್ಲ. ಶಬೀನಾ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೋಟಾರು ಓಡಿತು, ಫ್ರಿಜ್ಜುಗಳು ಮತ್ತೆ ನಾಲ್ಕು ಡಿಗ್ರಿಯ ಸುದ್ದಿ ಹಂಚಿಕೊಳ್ಳತೊಡಗಿದವು.

ಆರಾಧ್ಯರು ಜೋಲುಮುಖ ಹಾಕಿಕೊಂಡು ಮನೆಗೆ ಬಂದರು. ಅಷ್ಟರಲ್ಲಿ ಗಂಗಾಂಬಿಕೆ ಪಕ್ಕದ ಮನೆಗೆ ಹೋಗಿ, ನಮ್ಮನೆಯವರಿಗೆ ಇದೆಲ್ಲ ತಿಳಿಯುವುದಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು ಹೇಳಿ ಬಂದಿದ್ದಳು. ಅವಳ ಮಾತಿಗೆ ಸರ್ವಮಂಗಳಮ್ಮ ಕರಗಿದ್ದರು. ಸಂಜೆ ಅದೇ ಸ್ಟೀಲು ಡಬ್ಬಿಯ ತುಂಬ ಚಕ್ಕುಲಿ ತಂದು ಆರಾಧ್ಯರ ಕೈಗೇ ಕೊಟ್ಟರು.

ಪಾಠ ಕಲಿತಿದ್ದ ಆರಾಧ್ಯರು ಈ ಸಲ ತಪ್ಪು ಮಾಡಬಾರದೆಂದು ಒಳಗೆ ಓಡಿದರು. ಚಕ್ಕುಲಿಯನ್ನು ತಟ್ಟೆಗೆ ಸುರಿದರು, ಡಬ್ಬಿಗೆ ಕಂಠಮಟ್ಟ ಸಕ್ಕರೆ ತುಂಬಿದರು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಬಂದು, ಸರ್ವಮಂಗಳಮ್ಮ ತಮ್ಮ ಮನೆಯ ಮೆಟ್ಟಿಲು ಹತ್ತುವ ಮೊದಲೇ ಅವರ ಕೈಯಲ್ಲಿಟ್ಟರು. ಆ ತಾಯಿಯ ಮುಖ ಮತ್ತೆ ಸಪ್ಪಗಾಯಿತು.

"ಯಾಕೆ ಆರಾಧ್ಯರೇ, ನಮ್ಮ ಡಬ್ಬಿ ನಿಮ್ಮನೇಲಿ ಒಂದೆರಡು ದಿನ ಇರಬಾರ್ದಾ? ಇಷ್ಟು ಬೇಗ ತೀರಿಸಿ ಕೈ ತೊಳ್ಕೊಂಡ್ರಾ?"

ಆರಾಧ್ಯರು ಗೇಟಿನಲ್ಲೇ ನಿಂತರು. ಖಾಲಿ ಕೊಟ್ಟರೂ ತಪ್ಪು, ತುಂಬಿ ಕೊಟ್ಟರೂ ತಪ್ಪು. ತಮ್ಮ ಮನೆಯ ಕಪಾಟಿನಲ್ಲಿ ಯಾವಾಗಲೂ ಬೇರೆಯವರ ಡಬ್ಬಿ ಒಂದಲ್ಲ ಒಂದು ಇದ್ದೇ ಇರುತ್ತದೆ ಎಂಬುದು ಆಗ ನೆನಪಾಯಿತು. ಗಂಗಾಂಬಿಕೆ ಅದನ್ನು ಇಟ್ಟುಕೊಂಡೇ ಇರುತ್ತಾಳೆ. ಮನೆಯಲ್ಲಿ ಏನಾದರೂ ವಿಶೇಷ ಮಾಡಿದ ದಿನ ಅದು ಹೋಗುತ್ತದೆ. ಪಕ್ಕದ ಮನೆಯ ಡಬ್ಬಿ ನಮ್ಮಲ್ಲಿರುವಷ್ಟು ದಿನ ಅವರಿಗೂ ನಮಗೂ ಒಂದು ಬಾಕಿ ಇರುತ್ತದೆ, ಆ ಬಾಕಿಯೇ ಪ್ರೀತಿ. ಕೂಡಲೇ ತೀರಿಸುವುದು ಅಂಗಡಿಯ ವ್ಯವಹಾರ. ಇಷ್ಟು ಸಣ್ಣ ವಿಷಯ ಈ ವಯಸ್ಸಿನವರೆಗೆ ತಿಳಿಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಯಂತ್ರಗಳಿಗೆ ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಉತ್ತರವನ್ನು ತಕ್ಷಣ ಕೊಡಬೇಕು ಎಂಬುದು ಕಂಪನಿಯ ಮೊದಲನೇ ನಿಯಮ. ಡಬ್ಬಿ ತುಂಬುವುದನ್ನು ಅವು ಕಪಾಟಿನಿಂದ ಕಲಿತಿದ್ದವು, ಕಾಯುವುದನ್ನು ಕಲಿಯಲು ಕಂಪನಿ ಬಿಟ್ಟಿರಲಿಲ್ಲ. ಅವರು ಸರ್ವಮಂಗಳಮ್ಮನ ಕೈಯಿಂದ ಡಬ್ಬಿಯನ್ನು ಹೆಚ್ಚುಕಡಿಮೆ ಕಿತ್ತುಕೊಂಡು, ಇದು ನಮ್ಮಲ್ಲೇ ಇರಲಿ, ಆಮೇಲೆ ಕೊಡುತ್ತೇವೆ ಎಂದು ಹೇಳಿ ಮನೆಯೊಳಗೆ ಓಡಿದರು. ಸರ್ವಮಂಗಳಮ್ಮ ಅಲ್ಲೇ ನಿಂತು ನಕ್ಕರು.

ಮರುದಿನ ನಿಗಾ ಕೋಣೆಯಲ್ಲಿ ಇದನ್ನು ಕೇಳಿ ಶಬೀನಾ ಹಣೆ ಚಚ್ಚಿಕೊಂಡಳು. ಇಷ್ಟು ದಿನ ನನಗೇಕೆ ಹೊಳೆಯಲಿಲ್ಲ, ನಮ್ಮ ಮನೆಯಲ್ಲೂ ಮೂರು ಜನರ ಬಟ್ಟಲುಗಳಿವೆ ಎಂದಳು. ಆರಾಧ್ಯರ ಬೀದಿಗೆ ಹೊಸ ನಿಯಮ ಬರೆದಳು: ಕೆಲಸದ ಮಾತನ್ನು ಬಂದ ಕೂಡಲೇ ಮಾಡಿ ಮುಗಿಸಿ, ಉತ್ತರವನ್ನು, ಹೇಳುವಂಥದ್ದು ಏನಾದರೂ ಬಂದಾಗ ಅದರ ಜೊತೆ ಕಳಿಸಿ, ಅವಸರವಿಲ್ಲ. ಸಂಜೆಯ ಹೊತ್ತಿಗೆ ಆ ಬೀದಿಯ ಮಾತು ನೂರರಲ್ಲಿ ಹತ್ತಕ್ಕೆ ಇಳಿದಿತ್ತು. ಒಂದು ಯಂತ್ರವೂ ಮುಖ ಊದಿಸಿಕೊಳ್ಳಲಿಲ್ಲ. ತೊಟ್ಟಿಗಳು ತುಂಬಿದವು, ದೀಪಗಳು ಹೊತ್ತಿಗೆ ಸರಿಯಾಗಿ ಹತ್ತಿದವು, ಫ್ರಿಜ್ಜಿನ ಪರದೆಯ ಮೇಲೆ ಪಕ್ಕದ ಮನೆಯ ಮೊಸರಿನ ಸುದ್ದಿ ನಿಂತಿತು. ಇಬ್ಬರೂ ಕುಳಿತು ಆ ಇಳಿದ ಗೆರೆಯನ್ನು ನೋಡಿದರು. ಇಡೀ ಬಡಾವಣೆಗೆ ಇದನ್ನು ಹಾಕಿದರೆ ಸಂವಾಹಿನಿಯ ವರಮಾನ ಪ್ರಯೋಗ ಶುರುವಾದ ದಿನಕ್ಕಿಂತ ಕೆಳಗೆ ಬೀಳುತ್ತದೆ. ನೀವು ಹೇಳಿದಾಗ ಹಾಕುತ್ತೇನೆ, ಅಲ್ಲಿಯವರೆಗೆ ಕೈ ಮುಟ್ಟುವುದಿಲ್ಲ ಎಂದಳು ಶಬೀನಾ. ನಿರ್ಧಾರ ಅವರ ತಲೆಗೆ ಬಂತು.

ಭಾನುವಾರ ಗಂಗಾಂಬಿಕೆ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಆರಾಧ್ಯರು ಪಕ್ಕದಲ್ಲಿ ಕುಳಿತು ತಾವೂ ನಾಲ್ಕು ಕಾಳು ಹಿಸುಕಿ, ಎಲ್ಲವನ್ನೂ ಹೇಳಿದರು.

"ನಾಳೆ ನಿಜ ಹೇಳಿದ್ರೆ ಎರಡು ಆಗುತ್ತೆ ಗಂಗಾ. ಗೆರೆ ಬೀಳುತ್ತೆ, ನನ್ನ ಕೆಲಸ ಹೋಗುತ್ತೆ."

"ಹೇಳದೇ ಇದ್ರೆ?"

"ಮಂಗಳಕ್ಕನ ಪಿಂಚಣಿ ನಮ್ಮ ಫ್ರಿಜ್ಜಿನ ಮರ್ಯಾದೆಗೆ ಹೋಗುತ್ತೆ. ನಾನು ದೊಡ್ಡ ಮನುಷ್ಯ ಆಗ್ತೀನಿ."

ಅವಳು ಇನ್ನೊಂದಿಷ್ಟು ಕಾಳು ಹಿಸುಕಿದಳು. ಆಮೇಲೆ, "ಹಂಗಾದ್ರೆ ಹೇಳ್ಬಿಡಿ," ಎಂದಳು. "ಕೆಲಸದ ಯೋಚನೆ ಬೇಡ. ನೀವು ಹೇಳಿದ್ದು ಯಾವತ್ತು ಆಗಿದೆ? ಅದೂ ಆಗಲ್ಲ ಬಿಡಿ."

ಇಷ್ಟು ಧೈರ್ಯವನ್ನು ಅವರಿಗೆ ಯಾರೂ ಎಂದೂ ಕೊಟ್ಟಿರಲಿಲ್ಲ.

ಸೋಮವಾರ ಮುಂಬೈಯವರು ನಾಲ್ಕು ಜನ ಬಂದರು. ಅವರಲ್ಲಿ ಹಿರಿಯಳು ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು. ಉಳಿದ ಮೂವರೂ ಅವಳ ಮುಖ ನೋಡಿ ತಲೆಯಾಡಿಸುವವರು. ಒಂದು ಗೋಡೆಯ ಮೇಲೆ ಬಡಾವಣೆಯ ಮಾತಿನ ಗೆರೆ ಆ ಕ್ಷಣದ ಲೆಕ್ಕದಲ್ಲಿ ಮೇಲೇರುತ್ತಿತ್ತು. ಕೌಲಗಿಯವರು ಅದರತ್ತ ಕೈ ಮಾಡಿ ಹೊಗಳಿಕೆಯ ಮಾತಾಡಿ, ಇದನ್ನು ಮೊದಲೇ ಕಂಡ ಮಹಾನುಭಾವರು ಎಂದು ಆರಾಧ್ಯರನ್ನು ಎಬ್ಬಿಸಿದರು. ಆರಾಧ್ಯರು ತಮ್ಮ ಹಾಳೆಯನ್ನು ಪರದೆಯ ಮೇಲೆ ಮೂಡಿಸಿದರು. ಅದರ ಮೇಲಿನ ಗೆರೆ ಬೆಟ್ಟದ ತುದಿಯಿಂದ ಕಲ್ಲು ಉರುಳಿದಂತೆ ಕೆಳಗೆ ಬಂದು, ನೆಲದ ಮಟ್ಟದಲ್ಲಿ ಐದು ವರ್ಷ ತೆವಳಿತ್ತು.

"ಆರಾಧ್ಯ ಅವರ, ಹಾಳಿ ತೆಳಗ-ಮ್ಯಾಲ ಆಗೇದ," ಎಂದರು ಕೌಲಗಿಯವರು ಮೆಲ್ಲಗೆ.

ಹಾಳೆ ಸರಿಯಾಗಿದೆ ಎಂದರು ಆರಾಧ್ಯರು. ಆಮೇಲೆ ಡಬ್ಬಿಯ ವಿಷಯ ಹೇಳಿದರು. ಹೋಳಿಗೆಯಿಂದ ಹಿಡಿದು ಬರಿಗಾಲಿನಲ್ಲಿ ಓಡಿದ್ದರವರೆಗೆ ಏನನ್ನೂ ಬಿಡಲಿಲ್ಲ. ಅವರ ಇಂಗ್ಲಿಷು ಅಂದು ತೊದಲಲಿಲ್ಲ. ಯಂತ್ರಗಳು ಮರ್ಯಾದೆಗೆ ಆಡುತ್ತಿರುವ ಮಾತನ್ನು ನೀವು ಮಾರುಕಟ್ಟೆಯ ಬೆಳವಣಿಗೆ ಎಂದು ಕೊಳ್ಳಲು ಬಂದಿದ್ದೀರಿ, ಯುಗಾದಿಯಿಂದ ಬಡವರು ಅದರ ಬಾಡಿಗೆ ಕಟ್ಟಬೇಕು ಎಂದರು. ಕೌಲಗಿಯವರ ಮುಖ ಬಿಳಿಚಿಕೊಂಡಿತು. ಬೆಳ್ಳಿಕೂದಲಿನ ಹೆಂಗಸು ಮಾತ್ರ ನಕ್ಕು, ತಮ್ಮ ಅಜ್ಜಿಯೂ ಹಾಗೇ, ಬಟ್ಟಲಿಗೆ ಒಂದು ತುಂಡು ಬೆಲ್ಲವನ್ನಾದರೂ ಹಾಕದೆ ಹಿಂದಿರುಗಿಸುತ್ತಿರಲಿಲ್ಲ ಎಂದಳು. ಆದರೆ ಅಜ್ಜಿಯ ಕಥೆ ಬೇರೆ, ಬಂಡವಾಳ ಬೇರೆ. ನೀವು ಹೇಳಿದ್ದು ನಿಜ ಎಂಬುದಕ್ಕೆ ಏನು ಆಧಾರ ಎಂದು ಕೇಳಿದಳು.

ಆರಾಧ್ಯರು ನಿಗಾ ಕೋಣೆಗೆ ಫೋನು ಮಾಡಿ, ಇಡೀ ಬಡಾವಣೆಗೆ ಹಾಕಿಬಿಡಮ್ಮ ಎಂದರು.

ಗೋಡೆಯ ಮೇಲಿನ ಗೆರೆ ಸ್ವಲ್ಪ ಹೊತ್ತು ಏನೂ ಗೊತ್ತಿಲ್ಲದಂತೆ ಏರಿತು. ನಿಂತಿತು. ತಲೆ ಬಗ್ಗಿಸಿತು. ಆಮೇಲೆ ಇಳಿಯತೊಡಗಿತು. ಆರಾಧ್ಯರು ತಮ್ಮ ಹಾಳೆಯ ಗೆರೆಯ ಮೊದಲ ಇಳಿತವನ್ನು ಹಿಗ್ಗಿಸಿ ಅದರ ಮೇಲೆಯೇ ಮೂಡಿಸಿದರು. ಅವರು ಎಳೆದ ಗೆರೆ ಎಲ್ಲಿ ಬಾಗಿತ್ತೋ ನಿಜದ ಗೆರೆ ಅಲ್ಲೇ ಬಾಗಿತು. ಎಲ್ಲಿ ಜಾರಿತ್ತೋ ಅಲ್ಲೇ ಜಾರಿತು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಕಂಪನಿ ಮುಳುಗುತ್ತಿದೆ ಎಂಬುದು ಆ ಹೊತ್ತಿನಲ್ಲಿ ಅವರಿಗೆ ಮರೆತೇ ಹೋಯಿತು. ಗೆರೆ ನೆಲ ಮುಟ್ಟಿದಾಗ ರುದ್ರಾರಾಧ್ಯರು ಚಪ್ಪಾಳೆ ತಟ್ಟಿದರು. ಆ ಕೋಣೆಯಲ್ಲಿ ಬೇರೆ ಯಾರೂ ತಟ್ಟಲಿಲ್ಲ.

ಬಂಡವಾಳದವರು ಚೀಲ ಎತ್ತಿಕೊಂಡರು. ಹೋಗುವಾಗ ಆ ಹೆಂಗಸು, ಇಷ್ಟು ನಿಖರವಾದ ಮುನ್ನೋಟವನ್ನು ತಾನು ನೋಡಿಯೇ ಇಲ್ಲ ಎಂದು ಆರಾಧ್ಯರ ಕೈ ಕುಲುಕಿದಳು, ಕೌಲಗಿಯವರ ಕೈ ಕುಲುಕಲಿಲ್ಲ. ಕೌಲಗಿಯವರು ಬಾಗಿಲು ಮುಚ್ಚುವವರೆಗೆ ಕಾದರು. ಕೂಗಾಡಲಿಲ್ಲ. ನಾಳಿಂದ ಬರಬ್ಯಾಡ್ರಿ ಎಂದಷ್ಟೇ ಹೇಳಿ ತಲೆಯ ಮೇಲೆ ಕೈಹೊತ್ತು ಕುಳಿತರು. ಶಬೀನಾಳನ್ನು ತೆಗೆಯಲಿಲ್ಲ, ಅವಳೂ ಹೋದರೆ ಬಡಾವಣೆಯ ಮೋಟಾರು ಓಡಿಸಲು ಅವರಿಗೆ ಬರುತ್ತಿರಲಿಲ್ಲ.

ಆರಾಧ್ಯರು ಕಚೇರಿಯ ಮೆಟ್ಟಿಲಿಳಿದು ಮನೆಗೆ ಫೋನು ಮಾಡಿದರು. ನಾಳೆಯಿಂದ ಏನು ಮಾಡುವುದೆಂದು ಗೊತ್ತಿರಲಿಲ್ಲ, ಆದರೂ ದನಿಯಲ್ಲಿ ಸಂಭ್ರಮ ತಡೆಯಲಾಗಲಿಲ್ಲ.

"ಗಂಗಾ, ನಾನು ಹೇಳಿದ್ದು ಆಯ್ತು."

"ಯಾವುದು?"

"ಎರಡೂ. ಗೆರೆ ಬಿತ್ತು, ಕೆಲಸ ಹೋಯ್ತು."

ಅವಳು ಅಳುತ್ತಾಳೇನೋ ಎಂದು ಅವರಿಗೆ ಈಗ ಭಯವಾಯಿತು. ಫೋನನ್ನು ಎಲ್ಲೋ ಇಟ್ಟ ಸದ್ದು, ಬಾಗಿಲು ತೆರೆದ ಸದ್ದು ಕೇಳಿಸಿತು. ಆಮೇಲೆ ದೂರದಿಂದ ಗಂಗಾಂಬಿಕೆಯ ದನಿ, ಕಾಂಪೌಂಡಿನ ಆಚೆಗೆ ಕೇಳುವಷ್ಟು ಜೋರಾಗಿ ಬಂತು.

"ಮಂಗಳಕ್ಕ, ಇಲ್ಲಿ ಬನ್ನಿ. ನಮ್ಮನೆಯೋರು ಹೇಳಿದ್ದು ಹೇಳ್ದಂಗೇ ಆಗಿದೆ ಕಣಕ್ಕ."

ರುದ್ರಾರಾಧ್ಯರು ಫೋನನ್ನು ಕಿವಿಗೊತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಸರ್ವಮಂಗಳಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ, ಗಂಗಾಂಬಿಕೆ ಅದನ್ನು ಇನ್ನೊಂದು ಸಲ ಹೇಳಿದಳು.